ಕೈ ಕೊಟ್ಟರೆ ಮೋಸ, ಹ್ಯಾಂಡ್ ಕೊಟ್ಟರೆ ಸಹಾಯ: ಇಂಗ್ಲಿಷಿನ ‘ಹ್ಯಾಂಡ್’ ನುಡಿಗಟ್ಟುಗಳಿಗೆ ಸಮಗ್ರ ಮಾರ್ಗದರ್ಶಿ

ಸೋಮವಾರಪೇಟೆಯಲ್ಲಿ ನಾನು ನಡೆಸುವ ಸಂಜೆಯ ಇಂಗ್ಲಿಷ್ ಕ್ಲಾಸಿಗೆ ಒಬ್ಬ ಎಸ್ಟೇಟ್ ರೈಟರ್ ಬರುತ್ತಾರೆ. ಚೆಕ್‌ರೋಲ್ ಅನ್ನುವ ಹಾಜರಿ ಪುಸ್ತಕ ಬರೆಯುವುದು, ಆಳುಗಳ ಲೆಕ್ಕ ಇಡುವುದು, ಗೊಬ್ಬರದ ಸ್ಟಾಕ್ ನೋಡಿಕೊಳ್ಳುವುದು ಅವರ ಕೆಲಸ. ತೋಟದ ವ್ಯವಹಾರ ಈಗ ಮಾಲೀಕರ ಮಗನ ಕೈಯಲ್ಲಿದೆ. ಅವರು ಬೆಳೆದದ್ದೆಲ್ಲ ಇಂಗ್ಲೆಂಡಿನಲ್ಲಿ, ಕನ್ನಡ ಬರುವುದಿಲ್ಲ. ವಾರಕ್ಕೊಂದು ಇಮೇಲ್‌ನಲ್ಲಿ ತೋಟದ ಸಮಾಚಾರ ಹೋಗಬೇಕು.

ಒಂದು ಮಾರ್ಚ್ ತಿಂಗಳು ಹೂಮಳೆ ಬರಲೇ ಇಲ್ಲ. ರೊಬಸ್ಟಾ ಕಾಫಿ ಗಿಡದಲ್ಲಿ ಮೊಗ್ಗು ಕಟ್ಟಿ ನಿಂತಿತ್ತು. ಒಂದು ಒಳ್ಳೆ ಮಳೆ ಬಿದ್ದರೆ ಎಂಟು-ಹತ್ತು ದಿನಕ್ಕೆ ತೋಟವೆಲ್ಲ ಬೆಳ್ಳಗಾಗುತ್ತದೆ. ಬೀಳದಿದ್ದರೆ ಸ್ಪ್ರಿಂಕ್ಲರ್ ಹಾಕಬೇಕು, ಅದಕ್ಕೆ ಡೀಸೆಲ್ ಬೇಕು, ಡೀಸೆಲ್‌ಗೆ ದುಡ್ಡು ಬೇಕು. ಇವರು ‘ಹೂಮಳೆ ಕೈ ಕೊಟ್ಟಿತು’ ಅಂತ ಮನಸ್ಸಿನಲ್ಲೇ ಅಂದುಕೊಂಡು, ‘ದಿ ಬ್ಲಾಸಮ್ ಶವರ್ಸ್ ಗೇವ್ ಅಸ್ ಎ ಹ್ಯಾಂಡ್’ ಅಂತ ಬರೆದು ಕಳಿಸಿದರು. ‘ವಂಡರ್‌ಫುಲ್ ನ್ಯೂಸ್!’ ಅಂತ ಉತ್ತರ ಬಂತು. ದುಡ್ಡು ಬರಲಿಲ್ಲ. ನಾಲ್ಕು ದಿನ ಕಾದು ಫೋನ್ ಮಾಡಿದ ಮೇಲೇ ವಿಷಯ ಗೊತ್ತಾದದ್ದು.

ಅವರ ವ್ಯಾಕರಣದಲ್ಲಿ ಒಂದೂ ತಪ್ಪಿರಲಿಲ್ಲ. ಸ್ಪೆಲಿಂಗ್ ಕೂಡ ಸರಿಯಾಗಿತ್ತು. ಆದರೆ ಕನ್ನಡದಲ್ಲಿ ಕೈ ಕೊಡುವುದು ಅಂದರೆ ನಡುನೀರಿನಲ್ಲಿ ಬಿಟ್ಟು ಹೋಗುವುದು. ಇಂಗ್ಲಿಷಿನಲ್ಲಿ ಹ್ಯಾಂಡ್ ಕೊಡುವುದು ಅಂದರೆ ನೆರವಾಗುವುದು. ಆ ಯುವಕ ಓದಿದ್ದು ‘ಹೂಮಳೆ ನಮಗೆ ಸಹಾಯ ಮಾಡಿತು’ ಅಂತ.

ಅಂದಿನಿಂದ ನಾನು ಕ್ಲಾಸಿನಲ್ಲಿ ಈ ಒಂದು ಪದಕ್ಕೇ ಎರಡು ವಾರ ಕೊಡುತ್ತೇನೆ. ಹೋಂಸ್ಟೇಯಲ್ಲಿ ಕೆಲಸ ಮಾಡುವವರು, ಬ್ಯಾಂಕಿನವರು, ಹೊರಗೆ ಓದಲು ಹೋಗುವ ಮಕ್ಕಳು, ಎಲ್ಲರಿಗೂ ದಿನಾ ಎದುರಾಗುವ ಪದ ಇದು. ನುಡಿಗಟ್ಟುಗಳ ಪಟ್ಟಿ ಬಾಯಿಪಾಠ ಮಾಡಿದರೆ ಒಂದು ವಾರಕ್ಕೆ ಮರೆತುಹೋಗುತ್ತದೆ. ಅದರ ಬದಲು ನಮ್ಮ ‘ಕೈ’ ಪಕ್ಕದಲ್ಲಿ ಅವರ ‘ಹ್ಯಾಂಡ್’ ಇಟ್ಟು ನೋಡಿ ಅನ್ನುತ್ತೇನೆ. ನಾನು ಕಲಿಸುವ ಕ್ರಮದಲ್ಲೇ ಇಲ್ಲಿ ಬರೆಯುತ್ತಿದ್ದೇನೆ.

ಮೊದಲ ಹೆಜ್ಜೆ: ನುಡಿಗಟ್ಟಿಗೆ ಮುಂಚೆ ಪದದ ಬೇರೆ ಅರ್ಥಗಳನ್ನು ತಿಳಿದುಕೊಳ್ಳಿ

ಹ್ಯಾಂಡ್ ಅಂದರೆ ಮಣಿಕಟ್ಟಿನಿಂದ ಬೆರಳ ತುದಿವರೆಗಿನ ಭಾಗ ಮಾತ್ರ. ನಾವು ಭುಜದಿಂದ ಬೆರಳವರೆಗೂ ‘ಕೈ’ ಅಂತೇವೆ. ಅವರಿಗೆ ಮೇಲಿನದು ‘ಆರ್ಮ್’. ‘ಕೈ ಮುರಿಯಿತು’ ಅಂತ ಡಾಕ್ಟರಿಗೆ ಹೇಳುವಾಗ ಈ ವ್ಯತ್ಯಾಸ ಬೇಕಾಗುತ್ತದೆ.

ಗಡಿಯಾರದ ಮುಳ್ಳು ಹ್ಯಾಂಡ್. ಇಸ್ಪೀಟಿನಲ್ಲಿ ನಿಮಗೆ ಬಂದ ಎಲೆಗಳೆಲ್ಲ ಸೇರಿ ಒಂದು ಹ್ಯಾಂಡ್. ಕುದುರೆಯ ಎತ್ತರ ಅಳೆಯುವುದೂ ಹ್ಯಾಂಡ್‌ನಲ್ಲೇ, ಒಂದು ಹ್ಯಾಂಡ್ ಅಂದರೆ 4 ಇಂಚು. ಚಪ್ಪಾಳೆಯೂ ಹ್ಯಾಂಡ್. ಮಡಿಕೇರಿ ದಸರಾ ವೇದಿಕೆಯಲ್ಲಿ ನಿರೂಪಕರು ‘ಗಿವ್ ದೆಮ್ ಎ ಬಿಗ್ ಹ್ಯಾಂಡ್’ ಅಂದರೆ ಜೋರಾಗಿ ಚಪ್ಪಾಳೆ ತಟ್ಟಿ ಅಂತ. ವೇದಿಕೆಯ ಮಾತಾದ್ದಕ್ಕೇ ಸಹಾಯ ಹೋಗಿ ಚಪ್ಪಾಳೆ ಆಯಿತು ನೋಡಿ.

ಇನ್ನೊಂದು ಅರ್ಥದ ಬಗ್ಗೆ ಸ್ವಲ್ಪ ನಿಂತು ಹೇಳಬೇಕು. ಕೆಲಸಗಾರನಿಗೂ ಹ್ಯಾಂಡ್ ಅನ್ನುತ್ತಾರೆ. ಫಾರ್ಮ್ ಹ್ಯಾಂಡ್, ಹೈರ್ಡ್ ಹ್ಯಾಂಡ್, ಹಡಗಿನಲ್ಲಿ ಡೆಕ್ ಹ್ಯಾಂಡ್. ನಮ್ಮಲ್ಲೂ ‘ಕೈಯಾಳು’ ಅನ್ನುವ ಪದ ಇದೆಯಲ್ಲ, ಹಾಗೆ. ಓದುವಾಗ ಅರ್ಥ ಗೊತ್ತಿರಲಿ. ಆದರೆ ನೀವು ಬರೆಯುವಾಗ ತೋಟದ ಕೆಲಸದವರಿಗೆ ‘ವರ್ಕರ್ಸ್’ ಅಂತಲೋ ‘ಪಿಕ್ಕರ್ಸ್’ ಅಂತಲೋ ಬರೆಯಿರಿ. ಬೆಳಿಗ್ಗೆ ಎಂಟಕ್ಕೆ ಚೀಲ ಕಟ್ಟಿಕೊಂಡು ಚಳಿಯಲ್ಲಿ ಬರುವ ಹೆಣ್ಣುಮಗಳನ್ನು ಬರೀ ಒಂದು ಕೈ ಅಂತ ಎಣಿಸುವುದು ನನಗೆ ಸರಿ ಕಾಣುವುದಿಲ್ಲ.

ಅದೇ ಹೆಣ್ಣುಮಗಳ ಕೈ ನೋಡಿದರೆ ‘ಹ್ಯಾಂಡ್‌ಪಿಕ್ಡ್’ ಅನ್ನುವ ಪದವೂ ಅರ್ಥವಾಗುತ್ತದೆ. ಅರೇಬಿಕಾ ಕೊಯ್ಯುವಾಗ ಒಂದೇ ಗೆಣ್ಣಿನಲ್ಲಿ ಕೆಂಪು ಹಣ್ಣು, ಹಳದಿಗಾಯಿ, ಹಸಿರುಕಾಯಿ ಎಲ್ಲ ಒಟ್ಟಿಗೇ ಇರುತ್ತವೆ. ಪಳಗಿದವರ ಬೆರಳು ಕೆಂಪನ್ನಷ್ಟೇ ತಿರುಚಿ ಬಿಡಿಸಿ ಹಸಿರನ್ನು ಮುಂದಿನ ಕೊಯ್ಲಿಗೆ ಬಿಡುತ್ತದೆ. ‘ಎ ಹ್ಯಾಂಡ್‌ಪಿಕ್ಡ್ ಟೀಮ್’ ಅಂದರೂ ಹಾಗೇ, ಒಬ್ಬೊಬ್ಬರನ್ನೂ ನೋಡಿ ಆರಿಸಿದ ತಂಡ.

ಎರಡನೇ ಹೆಜ್ಜೆ: ಹ್ಯಾಂಡ್ ಪಕ್ಕದ ಚಿಕ್ಕ ಪದ ನೋಡಿ

ಇಡೀ ಪಾಠದಲ್ಲಿ ಜಾಸ್ತಿ ಸಮಯ ಕೊಡಬೇಕಾದದ್ದು ಇಲ್ಲೇ. ಅರ್ಥ ಇರುವುದು ಹ್ಯಾಂಡ್‌ನಲ್ಲಲ್ಲ, ಅದರ ಹಿಂದೆ ಮುಂದೆ ಬರುವ ಇನ್, ಆನ್, ಅಟ್, ಆಫ್‌ಗಳಲ್ಲಿ.

ಇದು ನಮಗೆ ಹೊಸದೇನಲ್ಲ. ‘ಕೈಯಲ್ಲಿ ದುಡ್ಡಿದೆ’ ಅಂದರೆ ಈಗ ಖರ್ಚಿಗೆ ಇದೆ. ‘ಕೈಗೆ ದುಡ್ಡು ಬಂತು’ ಅಂದರೆ ಬರಬೇಕಾದದ್ದು ಬಂತು. ‘ಕೈಯಿಂದ ದುಡ್ಡು ಹೋಯಿತು’ ಅಂದರೆ ಸ್ವಂತದ್ದು ಕಳೆದುಕೊಂಡೆವು. ಕೈ ಒಂದೇ. ಅಲ್ಲಿ, ಗೆ, ಇಂದ ಅನ್ನುವ ಪ್ರತ್ಯಯಗಳು ಅರ್ಥ ತಿರುಗಿಸುತ್ತವೆ. ಇಂಗ್ಲಿಷಿನಲ್ಲಿ ಆ ಕೆಲಸವನ್ನು ಮುಂದೆ ಕೂರುವ ಚಿಕ್ಕ ಪದ ಮಾಡುತ್ತದೆ.

‘ಇನ್ ಹ್ಯಾಂಡ್’ ಅಂದರೆ ಹಿಡಿತದಲ್ಲಿದೆ, ಕೆಲಸ ನಡೆಯುತ್ತಿದೆ. ಪಂಪ್‌ಸೆಟ್ ಕೆಟ್ಟಿದೆ, ಮೆಕ್ಯಾನಿಕ್ ಬಂದು ಬಿಚ್ಚಿದ್ದಾನೆ. ಆಗ ‘ದಿ ರಿಪೇರ್ ಈಸ್ ಇನ್ ಹ್ಯಾಂಡ್’ ಅನ್ನಬಹುದು. ಕ್ಯಾಶ್ ಬುಕ್ಕಿನ ‘ಕ್ಯಾಶ್ ಇನ್ ಹ್ಯಾಂಡ್’ ನಿಮಗೆ ಗೊತ್ತೇ ಇದೆ.

‘ಅಟ್ ಹ್ಯಾಂಡ್’ ಅಂದರೆ ಹತ್ತಿರ. ಜಾಗದಲ್ಲೂ ಆಗಬಹುದು, ಕಾಲದಲ್ಲೂ ಆಗಬಹುದು. ‘ಹುತ್ತರಿ ಈಸ್ ಅಟ್ ಹ್ಯಾಂಡ್’ ಅಂದರೆ ಹುತ್ತರಿ ಹಬ್ಬ ಇನ್ನೇನು ಬಂತು.

‘ಆನ್ ಹ್ಯಾಂಡ್’ ಅಂದರೆ ಬೇಕೆಂದಾಗ ಸಿಗುವಂತೆ ಇದೆ ಅಂತ. ಮನುಷ್ಯರಿಗೂ ಸರಿ, ಸಾಮಾನಿಗೂ ಸರಿ. ಆದರೆ ನಡುವೆ ‘ಮೈ’ ಸೇರಿಸಿ ‘ಹ್ಯಾಂಡ್ಸ್’ ಅಂತ ಬಹುವಚನ ಮಾಡಿದರೆ ಕತೆ ಬೇರೆ. ಇದನ್ನು ಬೋರ್ಡಿನ ಮೇಲೆ ಒಂದರ ಕೆಳಗೆ ಒಂದು ಬರೆದು ತೋರಿಸುತ್ತೇನೆ:

‘ಐ ಹ್ಯಾವ್ ಟೆನ್ ಬ್ಯಾಗ್ಸ್ ಆಫ್ ಪೆಪ್ಪರ್ ಆನ್ ಹ್ಯಾಂಡ್.’
‘ಐ ಹ್ಯಾವ್ ಟೆನ್ ಬ್ಯಾಗ್ಸ್ ಆಫ್ ಪೆಪ್ಪರ್ ಆನ್ ಮೈ ಹ್ಯಾಂಡ್ಸ್.’

ಮೊದಲನೆಯದರಲ್ಲಿ ಹತ್ತು ಮೂಟೆ ಕರಿಮೆಣಸು ಸ್ಟಾಕಿದೆ, ಕೇಳಿದರೆ ಕೊಡಬಹುದು. ಎರಡನೆಯದರಲ್ಲಿ ಅದೇ ಹತ್ತು ಮೂಟೆ ಹೋಗದೆ ಉಳಿದು ತಲೆನೋವಾಗಿದೆ. ಎರಡನೆಯದನ್ನು ವ್ಯಾಪಾರಿಗೆ ಬರೆದರೆ ಅವನು ರೇಟು ಇಳಿಸದೆ ಬಿಡುತ್ತಾನಾ? ‘ಟೈಮ್ ಆನ್ ಮೈ ಹ್ಯಾಂಡ್ಸ್’ ಅಂದರೂ ಅಷ್ಟೇ, ಏನು ಮಾಡಬೇಕೋ ತಿಳಿಯದಷ್ಟು ಬಿಡುವು. ಆ ಹೊರೆ ಇಳಿದರೆ ‘ಆಫ್ ಮೈ ಹ್ಯಾಂಡ್ಸ್’.

‘ಆಫ್‌ಹ್ಯಾಂಡ್’ ಅನ್ನುವುದು ಬೇರೆ. ಪುಸ್ತಕ ನೋಡದೆ, ತಕ್ಷಣಕ್ಕೆ ಅಂತ. ‘ಹಳೇ ಬಾಕಿ ಎಷ್ಟು?’ ಅಂತ ಕೇಳಿದರೆ ‘ಐ ಕಾಂಟ್ ಟೆಲ್ ಯೂ ಆಫ್‌ಹ್ಯಾಂಡ್’ ಅನ್ನಬಹುದು. ಲೆಕ್ಕ ನೋಡದೆ ಈಗಲೇ ಹೇಳಲಾರೆ ಅಂತ ಇದರ ಅರ್ಥ. ಹೋಂಸ್ಟೇಯವರಿಗೆ ತುಂಬ ಉಪಯೋಗಕ್ಕೆ ಬರುವ ಮಾತು.

‘ಔಟ್ ಆಫ್ ಹ್ಯಾಂಡ್’ ನಮ್ಮ ‘ಕೈ ಮೀರಿತು’. ಕಾಡಿನ ಬೆಂಕಿ, ಜಗಳ, ಖರ್ಚು, ಯಾವುದಕ್ಕಾದರೂ ಹೊಂದುತ್ತದೆ. ಆದರೆ ಇದಕ್ಕೊಂದು ಎರಡನೇ ಅರ್ಥವೂ ಇದೆ. ‘ರಿಜೆಕ್ಟ್’, ‘ರೆಫ್ಯೂಸ್’ ತರಹದ ಪದದ ಜೊತೆ ಬಂದಾಗ, ಯೋಚನೆಯನ್ನೇ ಮಾಡದೆ ತಳ್ಳಿಹಾಕಿದರು ಅಂತ.

ಮೂರನೇ ಹೆಜ್ಜೆ: ನಮ್ಮ ಕೈಗೆ ಅವರ ಹ್ಯಾಂಡ್ ಹೋಲಿಸಿ, ಗುಡ್ಡೆ ಮಾಡಿ

ಒಂದು ನೋಟ್‌ಬುಕ್ ತೆಗೆದುಕೊಳ್ಳಿ. ಹೊಸ ಹ್ಯಾಂಡ್ ನುಡಿಗಟ್ಟು ಸಿಕ್ಕಾಗಲೆಲ್ಲ, ಕನ್ನಡದಲ್ಲಿ ಕೈ ಸೇರಿದ ಅದೇ ತರಹದ ಮಾತು ಇದೆಯಾ ಅಂತ ನೋಡಿ.

ಇದ್ದು, ಅರ್ಥವೂ ಒಂದೇ ಆದರೆ ಅದು ಮೊದಲ ಗುಡ್ಡೆ, ಕೆಲಸ ಸುಲಭ. ‘ಅಪ್ಪರ್ ಹ್ಯಾಂಡ್’ ನಮ್ಮ ಮೇಲುಗೈ. ‘ಓಲ್ಡ್ ಹ್ಯಾಂಡ್’ ಪಳಗಿದ ಕೈ, ವಯಸ್ಸಿಗೂ ಇದಕ್ಕೂ ಸಂಬಂಧ ಇಲ್ಲ. ‘ರೈಟ್-ಹ್ಯಾಂಡ್ ಮ್ಯಾನ್’ ಬಲಗೈ ಬಂಟ. ‘ಎಂಪ್ಟಿ-ಹ್ಯಾಂಡೆಡ್’ ಬರಿಗೈ. ‘ಸ್ಲೈಟ್ ಆಫ್ ಹ್ಯಾಂಡ್’ ಕೈಚಳಕ. ‘ಜಾಯಿನ್ ಹ್ಯಾಂಡ್ಸ್’ ಕೈ ಜೋಡಿಸುವುದು. ‘ಮೈ ಹ್ಯಾಂಡ್ಸ್ ಆರ್ ಟೈಡ್’ ಅಂದರೆ ನನ್ನ ಕೈ ಕಟ್ಟಿಹಾಕಿದ್ದಾರೆ. ತೋಟ ಮಾರಾಟವಾದರೆ ‘ಚೇಂಜ್ಡ್ ಹ್ಯಾಂಡ್ಸ್’, ನಾವೂ ‘ತೋಟ ಕೈ ಬದಲಾಯಿತು’ ಅಂತೇವೆ. ಇಂಥವನ್ನು ನೋಡಿದಾಗ ನನಗೆ ನಿಜಕ್ಕೂ ಖುಷಿಯಾಗುತ್ತದೆ. ಎಲ್ಲೋ ದೂರದ ಜನ ತಮ್ಮ ಕೈ ನೋಡಿಕೊಂಡು ನಾವು ಯೋಚಿಸಿದ್ದನ್ನೇ ಯೋಚಿಸಿದ್ದಾರೆ ಅಲ್ವಾ!

‘ವಾಶ್ ಒನ್ಸ್ ಹ್ಯಾಂಡ್ಸ್ ಆಫ್’ ಕೂಡ ಹೀಗೆ ಕಂಡರೂ ಪೂರ್ತಿ ಹಾಗಲ್ಲ. ಇದರ ಬೇರು ಬೈಬಲ್‌ನಲ್ಲಿದೆ. ಮತ್ತಾಯನ ಸುವಾರ್ತೆಯಲ್ಲಿ ಪಿಲಾತ ಜನರ ಮುಂದೆ ನೀರು ತರಿಸಿ ಕೈ ತೊಳೆದು, ಈ ರಕ್ತಕ್ಕೆ ನಾನು ಹೊಣೆಯಲ್ಲ ಅನ್ನುತ್ತಾನೆ. ಹಾಗಾಗಿ ಇಂಗ್ಲಿಷಿನಲ್ಲಿ ಇದು ಬೇಕೆಂದೇ ಜವಾಬ್ದಾರಿ ಬಿಡುವುದು. ಕನ್ನಡದಲ್ಲಿ ‘ಕೈ ತೊಳೆದುಕೊಂಡ’ ಅನ್ನುವುದಕ್ಕೆ ಆ ಅರ್ಥವೂ ಇದೆ, ‘ಆಸ್ತಿ ಕಳೆದು ಕೈ ತೊಳೆದುಕೊಂಡ’ ಅನ್ನುವ ನಷ್ಟದ ಅರ್ಥವೂ ಇದೆ. ನಷ್ಟದ ಅರ್ಥ ಇಂಗ್ಲಿಷಿಗೆ ದಾಟುವುದಿಲ್ಲ.

ಎರಡನೇ ಗುಡ್ಡೆಯೇ ಅಪಾಯದ್ದು. ನೋಡಲು ಒಂದೇ, ಅರ್ಥ ಬೇರೆ. ಹೂಮಳೆಯ ಕತೆ ಈ ಗುಡ್ಡೆಯದು. ಕನ್ನಡದ ‘ಕೈ ಕೊಡು’ ಇಂಗ್ಲಿಷಿಗೆ ಹೋಗಬೇಕಾದರೆ ‘ಫೇಲ್’ ಅಥವಾ ‘ಲೆಟ್ ಡೌನ್’ ಬೇಕು. ಆ ರೈಟರ್ ಈಗ ಬರೆಯುವುದು ‘ದಿ ಶವರ್ಸ್ ಹ್ಯಾವ್ ಲೆಟ್ ಅಸ್ ಡೌನ್’ ಅಂತ.

ಕೈ ಎತ್ತುವುದೂ ಹಾಗೇ. ‘ಸಾಲ ತೀರಿಸುವ ಹೊತ್ತಿಗೆ ಕೈ ಎತ್ತಿಬಿಟ್ಟ’ ಅಂದರೆ ನಮ್ಮಲ್ಲಿ ನನ್ನಿಂದ ಆಗುವುದಿಲ್ಲ ಅಂದ ಅಂತ. ಇಂಗ್ಲಿಷಿನಲ್ಲಿ ‘ಹಿ ಪುಟ್ ಹಿಸ್ ಹ್ಯಾಂಡ್ ಅಪ್’ ಅಂದರೆ ನಾನು ಮಾಡುತ್ತೇನೆ ಅಂತ ಮುಂದೆ ಬಂದ, ಇಲ್ಲವೇ ತಪ್ಪು ನನ್ನದೇ ಅಂತ ಒಪ್ಪಿಕೊಂಡ. ನಮ್ಮ ಕೈಚೆಲ್ಲುವಿಕೆಗೆ ಹತ್ತಿರದ್ದು ‘ಥ್ರೋ ಅಪ್ ಒನ್ಸ್ ಹ್ಯಾಂಡ್ಸ್’.

‘ಹ್ಯಾಂಡ್ ಲೋನ್’ ಕೂಡ ನೆನಪಿಡಿ. ಕೈಗಡವನ್ನು ನಾವು ಹಾಗೇ ಇಂಗ್ಲಿಷ್ ಮಾಡಿಕೊಂಡಿದ್ದೇವೆ. ನಮ್ಮ ದೇಶದೊಳಗೆ ನಡೆಯುತ್ತದೆ, ಹೊರಗಿನವರಿಗೆ ಅರ್ಥವಾಗುವುದಿಲ್ಲ. ಅವರಿಗೆ ‘ಎ ಸ್ಮಾಲ್ ಲೋನ್ ಫ್ರಂ ಎ ಫ್ರೆಂಡ್’ ಅಂತ ಬಿಡಿಸಿ ಹೇಳಬೇಕು.

ಮೂರನೆಯದು ಜೋಡಿಯೇ ಇಲ್ಲದ ಮಾತುಗಳು. ‘ಆ ಡಾಕ್ಟರ ಕೈಗುಣ ಚೆನ್ನಾಗಿದೆ’ ಅನ್ನುವುದನ್ನು ಇಂಗ್ಲಿಷಿನ ಒಂದು ಪದದಲ್ಲಿ ಹೇಳಲು ನಾನು ವರ್ಷಗಟ್ಟಲೆ ಹುಡುಕಿದ್ದೇನೆ, ಸಿಕ್ಕಿಲ್ಲ. ಅಜ್ಜಿ ಮಾಡಿದ ಕಡುಬಿನ ರುಚಿಗೂ, ಅವರು ನೆಟ್ಟ ಗಿಡ ಚಿಗುರುವುದಕ್ಕೂ ಕೈಗುಣ ಅಂತೇವೆ. ಗಿಡಕ್ಕಾದರೆ ಅವರಲ್ಲಿ ‘ಗ್ರೀನ್ ಫಿಂಗರ್ಸ್’ ಇದೆ. ಉಳಿದದ್ದಕ್ಕೆ ವಿವರಿಸಿಯೇ ಹೇಳಬೇಕು.

ನಾಲ್ಕನೇ ಹೆಜ್ಜೆ: ಕ್ರಿಯಾಪದವಾದ ಹ್ಯಾಂಡ್

ಇದು ಬೇಗ ಮುಗಿಯುತ್ತದೆ. ಹ್ಯಾಂಡ್ ಅಂದರೆ ಕೊಡು. ಮುಂದಿನ ಪದ ಹೇಗೆ ಕೊಟ್ಟರು ಅಂತ ಹೇಳುತ್ತದೆ. ‘ಹ್ಯಾಂಡ್ ಇನ್’ ಅಂದರೆ ಮೇಲಿನವರಿಗೆ ಒಪ್ಪಿಸು, ಅರ್ಜಿ ಅಥವಾ ರಾಜೀನಾಮೆ. ‘ಹ್ಯಾಂಡ್ ಔಟ್’ ಅಂದರೆ ಹಂಚು. ‘ಹ್ಯಾಂಡ್ ಓವರ್’ ಅಂದರೆ ಪೂರ್ತಿ ವಶಕ್ಕೆ ಕೊಡು, ಕೋಣೆಯ ಬೀಗದ ಕೈ, ಲೆಕ್ಕದ ಪುಸ್ತಕ, ಅಧಿಕಾರ. ‘ಹ್ಯಾಂಡ್ ಡೌನ್’ ಅಂದರೆ ತಲೆಮಾರಿನಿಂದ ತಲೆಮಾರಿಗೆ ಬರುವುದು. ಕೊಡವರ ಮನೆಗಳಲ್ಲಿ ಅಜ್ಜನಿಂದ ಮೊಮ್ಮಗನಿಗೆ ಬಂದ ಪೀಚೆಕತ್ತಿ ‘ಹ್ಯಾಂಡೆಡ್ ಡೌನ್’. ಕೋರ್ಟು ತೀರ್ಪು ಕೊಡುವುದಕ್ಕೂ ಇದೇ ಮಾತು.

ಐದನೇ ಹೆಜ್ಜೆ: ಹಿಂದಿನ ಕತೆ ತಿಳಿದುಕೊಳ್ಳಿ

ಕೆಲವು ನುಡಿಗಟ್ಟು ಎಷ್ಟು ನೋಡಿದರೂ ಅರ್ಥ ಬಿಟ್ಟುಕೊಡುವುದಿಲ್ಲ. ಅವು ಹುಟ್ಟಿದ ಜಾಗ ಗೊತ್ತಾದರೆ ಮತ್ತೆ ಮರೆಯುವುದಿಲ್ಲ.

‘ಹ್ಯಾಂಡ್ಸ್ ಡೌನ್’ ತೆಗೆದುಕೊಳ್ಳಿ. ಕ್ಲಾಸಿನಲ್ಲಿ ಕೇಳಿದರೆ ಹತ್ತರಲ್ಲಿ ಎಂಟು ಜನ ‘ಸೋತರು’ ಅನ್ನುತ್ತಾರೆ. ಕೈ ಕೆಳಗೆ ಬಿಟ್ಟ ಅಂದರೆ ನಮಗೆ ಸೋಲಿನ ಚಿತ್ರವೇ ಬರುವುದು. ಆದರೆ ‘ವನ್ ಹ್ಯಾಂಡ್ಸ್ ಡೌನ್’ ಅಂದರೆ ಬೆವರೂ ಬರದೆ ಗೆದ್ದರು ಅಂತ. ಇದು 19ನೇ ಶತಮಾನದ ಕುದುರೆ ಪಂದ್ಯದಿಂದ ಬಂದ ಮಾತು. ಗೆಲುವು ಖಚಿತವಾದ ಸವಾರ ಕುದುರೆಯನ್ನು ಹುರಿದುಂಬಿಸುವುದು ಬಿಟ್ಟು, ಲಗಾಮು ಸಡಿಲಿಸಿ, ಕೈ ಕೆಳಗಿಳಿಸಿ ಗೆರೆ ದಾಟುತ್ತಿದ್ದ. ಕೊಡವ ಕುಟುಂಬಗಳ ಹಾಕಿ ಹಬ್ಬ 1997ರಲ್ಲಿ ಕರಡದಲ್ಲಿ ಶುರುವಾದಾಗಿನಿಂದ ನಮ್ಮಲ್ಲಿ ಹಾಕಿ ಮಾತಿಲ್ಲದೆ ಬೇಸಿಗೆ ಕಳೆಯುವುದಿಲ್ಲ. ಏಳು-ಸೊನ್ನೆಯಲ್ಲಿ ಗೆದ್ದ ಪಂದ್ಯ ‘ಹ್ಯಾಂಡ್ಸ್ ಡೌನ್’. ಮೂರು-ಎರಡರಲ್ಲಿ ಗೆದ್ದದ್ದಕ್ಕೆ ಇದನ್ನು ಹೇಳಬೇಡಿ.

‘ರೆಡ್-ಹ್ಯಾಂಡೆಡ್’ ನಮ್ಮ ಪತ್ರಿಕೆಗಳಲ್ಲಿ ಪದೇ ಪದೇ ಬರುತ್ತದೆ. ‘ಲಂಚ ಪಡೆಯುವಾಗ ರೆಡ್‌ಹ್ಯಾಂಡ್ ಆಗಿ ಸಿಕ್ಕಿಬಿದ್ದರು’ ಅಂತ. ಹುಟ್ಟಿದ್ದು ಸ್ಕಾಟ್ಲೆಂಡಿನ ಹಳೇ ಕಾನೂನಿನಲ್ಲಿ. ಕೊಲೆ ಮಾಡಿದವನು ಕೈಗಂಟಿದ ರಕ್ತ ಆರುವ ಮುಂಚೆ ಸಿಕ್ಕಿದರೆ ‘ರೆಡ್ ಹ್ಯಾಂಡ್’. ನಮ್ಮಲ್ಲಿ ರಕ್ತ ಇಲ್ಲದೆಯೂ ಕೈ ಕೆಂಪಾಗುತ್ತದೆ. ಲೋಕಾಯುಕ್ತ ಪೊಲೀಸರು ಬಲೆ ಬೀಸುವಾಗ ನೋಟುಗಳಿಗೆ ಫಿನಾಫ್ತಲೀನ್ ಪುಡಿ ಸವರಿರುತ್ತಾರೆ. ದುಡ್ಡು ಮುಟ್ಟಿದವರ ಬೆರಳನ್ನು ಸೋಡಿಯಂ ಕಾರ್ಬೊನೇಟ್ ಬೆರೆಸಿದ ನೀರಿನಲ್ಲಿ ಅದ್ದಿಸಿದರೆ ನೀರು ಗುಲಾಬಿ ಬಣ್ಣಕ್ಕೆ ತಿರುಗುತ್ತದೆ. ಇಷ್ಟು ಕತೆ ಕೇಳಿದ ಮೇಲೆ ಈ ಪದ ಮರೆತವರನ್ನು ನಾನು ನೋಡಿಲ್ಲ. ಇಂಗ್ಲಿಷಿನಲ್ಲಿ ಬರೆಯುವಾಗ ಮಾತ್ರ ಕೊನೆಯ ‘ಎಡ್’ ಬಿಡಬೇಡಿ. ‘ಕಾಟ್ ರೆಡ್-ಹ್ಯಾಂಡೆಡ್’ ಅಂತಲೇ ಆಗಬೇಕು.

ಹಡಗಿನಿಂದ ಬಂದವು ಎರಡು. ‘ಆಲ್ ಹ್ಯಾಂಡ್ಸ್ ಆನ್ ಡೆಕ್’ ಅಂದರೆ ಬಿರುಗಾಳಿ ಬಂತು, ಇರುವವರೆಲ್ಲ ಮೇಲೆ ಬನ್ನಿ ಅಂತ. ಜನವರಿಯಲ್ಲಿ ಕಣದ ತುಂಬ ಕಾಫಿ ಹರಡಿದ್ದಾಗ ಅಕಾಲ ಮಳೆಯ ಮೋಡ ಕಾಣಿಸಿತು ಅಂದುಕೊಳ್ಳಿ. ಅಡುಗೆಮನೆಯಲ್ಲಿದ್ದವರು, ಶಾಲೆಯಿಂದ ಬಂದ ಮಕ್ಕಳು, ನೆಂಟರು, ಎಲ್ಲರೂ ಟಾರ್ಪಾಲ್ ಹಿಡಿದು ಓಡುತ್ತಾರೆ. ಆ ಐದು ನಿಮಿಷವೇ ಆಲ್ ಹ್ಯಾಂಡ್ಸ್ ಆನ್ ಡೆಕ್. ಇನ್ನೊಂದು ‘ಹ್ಯಾಂಡ್ ಓವರ್ ಫಿಸ್ಟ್’. ನಾವಿಕರು ಹಗ್ಗವನ್ನು ಒಂದು ಕೈ ಮೇಲೆ ಇನ್ನೊಂದು ಕೈ ಹಾಕಿ ಸರಸರ ಎಳೆಯುತ್ತಿದ್ದರು. ಈಗ ಬೇಗಬೇಗ ದುಡ್ಡು ಮಾಡುವುದಕ್ಕೆ ಹೇಳುತ್ತಾರೆ.

‘ಹ್ಯಾಂಡ್‌ಸಮ್’ ಕೂಡ ಹ್ಯಾಂಡ್‌ನಿಂದಲೇ ಬಂದ ಪದ. ಮೊದಲು ಅದಕ್ಕೆ ಕೈಯಲ್ಲಿ ಹಿಡಿಯಲು ಸುಲಭವಾದದ್ದು ಅಂತ ಅರ್ಥವಿತ್ತು. ಚೆಲುವ ಅನ್ನುವ ಅರ್ಥ ಬಂದದ್ದು ಆಮೇಲೆ.

ಆರನೇ ಹೆಜ್ಜೆ: ನಿಮ್ಮ ಕೆಲಸದ ಮಾತಿನಲ್ಲಿ ಬಳಸಿ

ದಿನಕ್ಕೆ ಒಂದೇ ನುಡಿಗಟ್ಟು ಸಾಕು. ವಾಕ್ಯ ಮಾತ್ರ ನಿಮ್ಮ ಜೀವನದ್ದೇ ಆಗಿರಲಿ. ಪುಸ್ತಕದಲ್ಲಿರುವ ಯಾರೋ ಜಾನ್, ಮೇರಿಯ ವಾಕ್ಯ ಕಲಿತರೆ ಅದು ನಿಮ್ಮ ನಾಲಿಗೆಗೆ ಬರುವುದಿಲ್ಲ. ನಮ್ಮ ಹೋಂಸ್ಟೇ ಹುಡುಗಿಯೊಬ್ಬಳು ಬರೆದ ವಾಕ್ಯ ಹೀಗಿತ್ತು: ‘ಆನ್ ಸಂಡೇಸ್ ಮೈ ಹ್ಯಾಂಡ್ಸ್ ಆರ್ ಫುಲ್.’ ಭಾನುವಾರ ಅವಳಿಗೆ ಉಸಿರಾಡಲೂ ಪುರುಸೊತ್ತಿರುವುದಿಲ್ಲ. ಅವಳು ಅದನ್ನು ಈಗ ಸಲೀಸಾಗಿ ಹೇಳುತ್ತಾಳೆ, ಯಾಕೆಂದರೆ ಅದು ಅವಳದೇ ಮಾತು.

ಎಲ್ಲಿ ಬಳಸಬೇಕು ಅನ್ನುವುದೂ ಮುಖ್ಯ. ‘ಆನ್ ದಿ ಅದರ್ ಹ್ಯಾಂಡ್’, ಅಂದರೆ ಇನ್ನೊಂದು ಕಡೆಯಿಂದ ನೋಡಿದರೆ ಅನ್ನುವುದು, ಅರ್ಜಿಯಲ್ಲೂ ನಡೆಯುತ್ತದೆ, ಪರೀಕ್ಷೆಯಲ್ಲೂ ನಡೆಯುತ್ತದೆ. ‘ಹ್ಯಾಂಡ್ಸ್ ಡೌನ್’, ‘ಹ್ಯಾಂಡ್ ಓವರ್ ಫಿಸ್ಟ್’ ಸ್ನೇಹಿತರ ನಡುವೆ ಚೆಂದ, ಬ್ಯಾಂಕ್ ಮ್ಯಾನೇಜರಿಗೆ ಬರೆಯುವ ಪತ್ರದಲ್ಲಿ ಬೇಡ. ಒಂದೇ ಪತ್ರದಲ್ಲಿ ಎರಡು-ಮೂರು ನುಡಿಗಟ್ಟು ತುರುಕುವುದೂ ಬೇಡ. ಅನುಮಾನ ಬಂದರೆ ನೇರವಾಗಿ ‘ಹೆಲ್ಪ್’ ಅನ್ನಿ, ‘ಬ್ಯುಸಿ’ ಅನ್ನಿ.

ಈಗ ಮೂರು ವಾಕ್ಯ ಕೊಡುತ್ತೇನೆ. ಕೆಳಗೆ ನೋಡದೆ ಅರ್ಥ ಹೇಳಿ.

‘ದಿ ಎಸ್ಟೇಟ್ ಹ್ಯಾಸ್ ಚೇಂಜ್ಡ್ ಹ್ಯಾಂಡ್ಸ್, ಬಟ್ ದಿ ಓಲ್ಡ್ ಹ್ಯಾಂಡ್ಸ್ ಆರ್ ಸ್ಟಿಲ್ ಹಿಯರ್.’
‘ಹಿ ರಿಜೆಕ್ಟೆಡ್ ಮೈ ರಿಕ್ವೆಸ್ಟ್ ಔಟ್ ಆಫ್ ಹ್ಯಾಂಡ್.’
‘ಯುವರ್ ಫಾದರ್ ಈಸ್ ಇನ್ ಗುಡ್ ಹ್ಯಾಂಡ್ಸ್.’

ಮೊದಲನೆಯದು: ತೋಟದ ಮಾಲೀಕರು ಬದಲಾದರು, ಆದರೆ ಪಳಗಿದ ಕೆಲಸಗಾರರು ಇನ್ನೂ ಇಲ್ಲೇ ಇದ್ದಾರೆ. ಎರಡನೆಯದು: ನನ್ನ ಕೋರಿಕೆಯನ್ನು ಯೋಚಿಸದೆಯೇ ತಳ್ಳಿಹಾಕಿದರು. ಇಲ್ಲಿ ‘ಕೈ ಮೀರಿತು’ ಅಂದಿದ್ದರೆ ಎರಡನೇ ಹೆಜ್ಜೆಯ ಕೊನೆಯ ಭಾಗವನ್ನು ಇನ್ನೊಮ್ಮೆ ಓದಿ. ಮೂರನೆಯದು ಆಸ್ಪತ್ರೆಯ ಕಾರಿಡಾರಿನಲ್ಲಿ ಕೇಳಿಬರುವ ಮಾತು: ನಿಮ್ಮ ತಂದೆಯನ್ನು ಚೆನ್ನಾಗಿ ನೋಡಿಕೊಳ್ಳುವವರು ಇದ್ದಾರೆ, ಹೆದರಬೇಡಿ.